ಅಲ್ಮಾಸಬಿಯ ಹೆಬ್ಬೆಟ್ಟು

...ಸೆರಗ ಬಾಯಾಗ ತುರುಕೊಂಡ ಕುಂತ್ರ ಏನ ಬಂತು, ಅಲ್ಮಾಸಬಿ? ಕೇಳಿದ್ದಕ್ಕ ಜವಾಬ ಕೊಡ್ರಿ! ಇವತ್ತ ಮುಂಜಾನೆ ಸೂಜಿ ಚುಚ್ಚಿದ ಮ್ಯಾಲ ಸೊಸಿಗೆ ಊಟಾ ಕೊಟ್ರೋ ಇಲ್ಲೋ?

ಗೋಣ ಹಾಕತೀರಿ. ಗೋಣ ಹಾಕಿದ್ರ ಆಕಿ ಹೊಟ್ಟಿ ತುಂಬತೈತೇನು? ಉಂಡಿದ್ರ ಮೈಯಾಗಿನ ಸಕ್ಕರಿ ಇಳದು ಜೈಬುನ್ನೀಸಾ ಹಂಗ್ಯಾಕ ಬೀಳತಿದ್ದಳು? ಮೈಯೆಲ್ಲಾ ಬೆವತು, ಕೈಕಾಲ ಥರಥರ ನಡಗಿ, ಗಂಡನ ಹೆಸರ ಕೇಳಿದ್ರ ಎಮ್ಮಿ ಹೆಸರ ಹೇಳಿದಳಂತ! ಡೋಣಿಯಿಂದ ಬೆಟಗೇರಿಗೆ ಬರೂದ್ರಾಗ ಟ್ರ್ಯಾಕ್ಟರ್‌ನ್ಯಾಗ ಖಬರ ತಪ್ಪಿತ್ತು. ಇನ್ನ ಅರ್ಧಾ ತಾಸ ತಡಾ ಆಗಿದ್ರ ಆಕಿನೂ ಇಲ್ಲ, ಹೊಟ್ಟ್ಯಾಗಿನ ಏಳ ತಿಂಗಳ ಕೂಸೂ ಇಲ್ಲ! ನರಾ ಹುಡುಕಿ ಗ್ಲುಕೋಸ್ ಏರಿಸಿದಾಕಿ ಯಾರು? ನಾನ!

ಎರಡ ಕೂಸ ಸತ್ತ ಹುಟ್ಯಾವ ನಿಮ್ಮ ಮನ್ಯಾಗ. ಈ ಸರ್ತಿ ಸಕ್ಕರಿ ಬ್ಯಾನಿ ಅಂತ ಗೊತ್ತಾತು. ಬಸರಿದ್ದಾಗ ಗುಳಿಗಿ ನಡ್ಯಾಂಗಿಲ್ಲ, ದಿನಾ ಇನ್ಸುಲಿನ್ನ ಬೇಕು ಅಂತ ಬಡಕೊಂಡೆ. ಮಗಾ ಬುಡ್ಡೇಸಾಬ ಸೂಜಿ ನೋಡಿ ಹೊರಗ ಓಡಿದಾಗ ನಿಮ್ಮ ಕೈಯಾಗ ಬದನಿಕಾಯಿ ಕೊಟ್ಟು ಎಂಟ ದಿನಾ ಚುಚ್ಚಾಕ ಕಲಿಸಿದ್ದ ಯಾರು? ಸಿರಿಂಜ್ ಕುದಿಸೂದು, ಬಾಟ್ಲಿ ಹಸಿ ಉಸಕಿನ ಗಡಿಗ್ಯಾಗ ಇಡೂದು... ಸಿರಿಂಜಿಗೆ ಕೆಂಪ ಗೆರಿ ಹೊಡದು, 'ಇಲ್ಲಿ ಮಟಾ ತುಂಬ್ರಿ' ಅಂತ ತೋರಿಸಿದ್ದ ಯಾರು? ಈ ತುಳಸಾಬಾಯಿ! ಅರವತ್ತನೇ ಇಸ್ವಿಯಿಂದ ಹದಿನೆಂಟ ವರ್ಷಾತು ನರ್ಸ್ ಆಗಿ, ಒಬ್ಬರೂ ನನ್ನ ಕಡೆ ಬೊಟ್ಟ ಮಾಡಿಲ್ಲ!

ಯಾಕ, ಹಂಗ್ಯಾಕ ನೋಡತೀರಿ?... ಏನದು ಗಂಟಿನ್ಯಾಗ? ಅಯ್ಯ, ಇನ್ಸುಲಿನ್ ಬಾಟ್ಲಿ ಇಲ್ಲ್ಯಾಕ ತಂದ್ರಿ! ಒಳಗಿಡ್ರಿ. ಒಳಗಿಡ್ರಿ ಅಂದೆ! ಡಾಕ್ಟರ್ ಬಂದ್ರ... ಇಲ್ಲೆ ಕೊಡ್ರಿ, ನನ್ನ ಕಡೆ ಇರಲಿ.

ಇಕಾ ನೋಡ್ರಿ, ಕಾಗದದಾಗ ಬರದೇನಿ. 'ಇಂಜೆಕ್ಷನ್ ಆದ ಮ್ಯಾಲ ಮನಿಯವರು ಊಟಾ ಕೊಟ್ಟಿಲ್ಲ.' ಮಸಿ ಇಲ್ಲೈತಿ, ಒತ್ರಿ ಹೆಬ್ಬೆಟ್ಟು. ಜಲ್ದಿ!

ಏನು? ಸೊಸಿ ಹಾಸಿಗಿ ಕಡೆ ಯಾಕ ಕೈ ಮಾಡತೀರಿ? ಕಣ್ಣ ತೆರದಾಳ. ಗಂಜಿ ಕುಡದಾಳ. ಕೂಸಿನ ಎದಿ ಬಡಿತಾ ಎರಡ ಸರ್ತಿ ಕೇಳೇನಿ, ಚೊಲೊ ಐತಿ. ಅಷ್ಟ ಸಾಕಂತೀರಾ? ಅದಕ್ಕ... ಅದಕ್ಕ ಕೈ ಮುಂದ ಮಾಡತೀರಾ?

ಹಿಂಗ ಸುಮ್ಮನ ಒತ್ತತೀರಾ? ಜಗಳಾ ಮಾಡ್ರಿ ನನ್ನ ಜೋಡಿ! 'ಊಟಾ ಕೊಟ್ಟೇನಿ' ಅಂತರ ಅನ್ರಿ! ಎರಡ ರೊಟ್ಟಿ, ಹೆಸರಕಾಳ ಪಲ್ಯ, ತಾಟ ಖಾಲಿ ಮಾಡಿ ಎದ್ದಳು ಅಂತ ಅನ್ರಿ! ಬುಡ್ಡೇಸಾಬ ಹೇಳ್ಯಾನ ನನಗ, ಬಂದ ಕೂಡಲೇ ಹೇಳ್ಯಾನ...

ಕೈ ತಗೀರಿ. ತಗೀರಿ ಅಂದ್ರ! ಮಸಿ ಮುಟ್ಟಬ್ಯಾಡ್ರಿ!

ನಲವತ್ತ ಯುನಿಟ್‌ನ ಇನ್ಸುಲಿನ್ ಬಾಟ್ಲಿ ತೀರಿದ್ದವು, ಅಲ್ಮಾಸಬಿ. ಗುರುವಾರ ನಿಮಗ ಎಂಬತ್ತರದ ಕೊಟ್ಟೆ. ದುಪ್ಪಟ್ಟ ಖಡಕ್ ಅದು. ಹಳೇ ಗೆರಿ ಅಳಿಸಿ, ಅರ್ಧಕ್ಕ ಹೊಸಾ ಗೆರಿ ಹೊಡೀಬೇಕಿತ್ತು ನಾನು. ಬಾಗಲದಾಗ ಮಂದಿ ನಿಂತಿತ್ತು... ಹೊಡೀಲಿಲ್ಲ. ಇವತ್ತ ಮದಲ ಸರ್ತಿ ಆ ಬಾಟ್ಲಿ ತೆಗದೀರಿ, ಹಳೇ ಗೆರಿ ಮಟಾ ತುಂಬೀರಿ. ನಾ ಕಲಿಸಿದಂಗ. ಒಂದ ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ.

ನೋಡಬ್ಯಾಡ್ರಿ ಹಂಗ... ಬೈರಿ! ಗುರುವಾರ ಕೇಳಿದ್ರಿ ನೀವು. 'ಬಾಯಾರ, ಈ ಬಾಟ್ಲಿ ಮ್ಯಾಲಿನ ಚೀಟಿ ಬ್ಯಾರೆ ಕಾಣತೈತಲ್ರಿ' ಅಂದಿದ್ರಿ. ಅಕ್ಷರಾ ಬರಲಾರದವರಿಗೆ ಚೀಟಿ ಉಸಾಬರಿ ಯಾಕ, ಬಾಯಿ ಮುಚ್ಚಿಕೊಂಡ ನಡೀರಿ ಅಂದೆ. ಮಂದಿ ಮುಂದ ಅಂದೆ. ನಕ್ಕರು ಎಲ್ಲಾರೂ.

ಏಳ್ರಿ. ಡಾಕ್ಟರ್ ಖೋಲಿಗೆ ನಡೀರಿ, ಬಾಟ್ಲಿ ನಾನ ಹಿಡಕೊಂಡ ಬರ್ತೇನಿ. ಹೇಳೂದೂ ನಾನ ಹೇಳತೇನಿ. ಅದ್ರಾಗ ನಾ ಒಂದ ಮಾತ ನುಂಗಿದ್ರ... ಅಲ್ಲೆ ನೀವು ಬಾಯಿ ತೆಗೀಬೇಕು, ಅಲ್ಮಾಸಬಿ. ತೆಗೀತೀರಿಲ್ಲೋ?