ಬ್ರೇಕಿಲ್ಲದ ಗಾಡಿಗೆ ಒಂದು ಲಿಂಬಿಹಣ್ಣು

ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗ ವೀರಭದ್ರಪ್ಪನಿಗೆ. ಎರಡು ಸಾವಿರದ ಹದಿನೆಂಟು, ಸೆಪ್ಟೆಂಬರ್. ನಂಬುವವರು ನಂಬಿ, ಬಿಡುವವರು ಬಿಡಿ. ಆ ದೀಪ ಮಾತ್ರ ಸ್ವಲ್ಪ ಸಣ್ಣದು ಮಾಡಿ.

ರಾತ್ರಿ. ವೀರಭದ್ರಪ್ಪ ಒಬ್ಬನೇ ನಡೆದು ಮನೆಗೆ ಹೊರಟಿದ್ದ. ನಾವು ಬಂದು ನೆಲೆಸಿದ ಈ ಪರದೇಶದಲ್ಲಿ, ವಿಟ್ಬಿ ಊರು ಮುಗಿದು ಹೊಲ ಶುರುವಾಗುವ ಜಾಗ. ಬಲಕ್ಕೆ ಗೋವಿನಜೋಳದ ಹೊಲ. ಎಡಕ್ಕೆ ತಂತಿಬೇಲಿ, ಅದರಾಚೆ ಮುಚ್ಚಿದ ರೇಸ್ ಟ್ರ್ಯಾಕು. ಟ್ರ್ಯಾಕಿನ ಆಚೆ ತುದಿಯ ತಿರುವಿನಲ್ಲಿ, ಬೇಲಿಯ ಹೊರಗೆ, ಒಂದು ಹಳೇ ಬಾವಿ. ಧೂಳು ಏಳದಂತೆ ಟ್ರ್ಯಾಕಿನ ಮಣ್ಣಿಗೆ ನೀರು ಹೊಡೆಯುತ್ತಿದ್ದುದು ಆ ಬಾವಿಯಿಂದಲೇ. ಈಗ ಮೇಲೆ ಸಿಮೆಂಟಿನ ಮುಚ್ಚಳ.

ಅವನಿಗೆ ಸಿಟ್ಟು ಬಂದಿತ್ತು. ಜೊತೆಗಿದ್ದವರು ಕಾರಿನಲ್ಲಿ ಬಿಡುತ್ತೇವೆ ಅಂದರೂ ಹತ್ತಿರಲಿಲ್ಲ.

ಯಾಕೆ ಸಿಟ್ಟು, ಅದನ್ನು ಮೊದಲು ಹೇಳುತ್ತೇನೆ.

ಆ ಟ್ರ್ಯಾಕಿನಲ್ಲಿ ಸ್ಪೀಡ್‌ವೇ ಓಡುತ್ತಿತ್ತು. ಮಣ್ಣಿನ ಮೇಲೆ ಮೋಟರ್ ಸೈಕಲ್ ರೇಸು. ನಾಲ್ಕು ಗಾಡಿ, ನಾಲ್ಕು ಸುತ್ತು. ಗಾಡಿಗೆ ಬ್ರೇಕ್ ಇರುವುದಿಲ್ಲ. ಸುಳ್ಳಲ್ಲ, ಇರುವುದೇ ಇಲ್ಲ. ಎಡಗಾಲಿನ ಬೂಟಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಂಡು, ತಿರುವಿನಲ್ಲಿ ಆ ಕಾಲನ್ನು ನೆಲಕ್ಕೆ ಉಜ್ಜುತ್ತ ಗಾಡಿಯನ್ನು ಅಡ್ಡಡ್ಡ ಜಾರಿಸಬೇಕು.

ವೀರಭದ್ರಪ್ಪನ ಪಕ್ಕದ ಮನೆಯ ಹುಡುಗಿ ದೀಪಶ್ರೀ. ಬೆಳಗಾವಿ ಕಡೆಯವರ ಮಗಳು, ಇಲ್ಲೇ ಹುಟ್ಟಿದವಳು. ಅವಳು ಓಡಿಸಿದರೆ ಜನ ಚಹಾ ಕುಡಿಯುವುದು ಮರೆಯುತ್ತಿದ್ದರು. ನಮ್ಮವರದೇ ಒಂದು ಗುಂಪು ಪ್ರತಿ ಶನಿವಾರ ಹೋಗುತ್ತಿತ್ತು. ಗುಂಪಿಗೆಲ್ಲ ಮುಂದೆ ವೀರಭದ್ರಪ್ಪನ ಹೆಂಡತಿ ರುದ್ರವ್ವ. ಕೈಯಲ್ಲಿ ಒಂದು ಸ್ಟೀಲ್ ತಾಟು, ಒಂದು ಸೌಟು. ದೀಪಶ್ರೀ ರೇಸ್ ಶುರುವಾಗುವ ಗೆರೆಗೆ ಬಂದಳೆಂದರೆ ಬಡಿಯುವುದೇ. ತಾಟಿನ ಅಂಚು ಸೀಳಿತ್ತು. ಅದಕ್ಕೆ ಅದರ ಸದ್ದೇ ಬೇರೆ. ಠಣ್ ಅಂದ ಮೇಲೆ ಝಿಂಯ್ ಅಂತ ಒಂದು ನಡುಕ ಉಳಿಯುತ್ತಿತ್ತು.

ಇನ್ನೊಂದು ರೂಢಿ. ಮೊದಲ ರೇಸಿಗೆ ಮುಂಚೆ ರುದ್ರವ್ವ ಗೆರೆಯ ಹತ್ತಿರ ಹೋಗಿ, ಕುಂಕುಮ ಹಚ್ಚಿದ ಲಿಂಬಿಹಣ್ಣನ್ನು ದೀಪಶ್ರೀಯ ಗಾಡಿಯ ಹಿಂದಿನ ಗಾಲಿಯ ಕೆಳಗೆ ಇಡುತ್ತಿದ್ದಳು. ಟ್ರ್ಯಾಕು ನೋಡಿಕೊಳ್ಳುವ ಬಿಳಿಯ ದೊರೆ ಒಬ್ಬ ಬಂದು ಕೈ ಆಡಿಸಿ ಬೇಡ ಅಂದ. ರುದ್ರವ್ವ ಕನ್ನಡದಲ್ಲೇ ಕೇಳಿದಳು.

"ಬ್ರೇಕ್ ಇಲ್ಲದ ಗಾಡಿಗೆ ಒಂದು ಲಿಂಬಿಹಣ್ಣರ ಬ್ಯಾಡೇನೋ ಯಪ್ಪಾ?"

ಅವನಿಗೆ ಏನು ತಿಳಿಯಿತೋ. ಆಮೇಲೆ ಯಾವತ್ತೂ ತಡೆಯಲಿಲ್ಲ.

ಹೀಗಿರುವಾಗ ದೀಪಶ್ರೀ ಒಮ್ಮೆಲೇ ಬಿಟ್ಟುಬಿಟ್ಟಳು. ಇಪ್ಪತ್ಮೂರು ವಯಸ್ಸು. ಕೇಳಿದವರಿಗೆ "ಸಾಕಾತು" ಅಂದಳು, ಅಷ್ಟೇ. ಅದಕ್ಕೂ ಮೊದಲು ಒಂದು ಸಲ ಜೋರಾಗಿ ಬಿದ್ದಿದ್ದಳು. ಜನ ಎರಡನ್ನೂ ಕೂಡಿಸಿ ಹೆದರಿದಳು ಅಂದರು. ಅವಳು ಓಡಿಸದ್ದಕ್ಕೆ ರುದ್ರವ್ವನೂ ಬರುತ್ತಿಲ್ಲ ಅಂದುಕೊಂಡರು.

ನಿಜ ಏನೆಂದು ವೀರಭದ್ರಪ್ಪನಿಗೆ ಗೊತ್ತಿತ್ತು. ರುದ್ರವ್ವನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ಅವನಿಗೆ ಆಗ ಶನಿವಾರ ರಾತ್ರಿ ವೇರ್‌ಹೌಸಲ್ಲಿ ಶಿಫ್ಟು. ಅವಳೊಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಎರಡು ಬೇಸಿಗೆ, ಒಂದು ಶನಿವಾರವೂ ತಪ್ಪದೆ, ಅವಳ ಪಕ್ಕ ಕೂತು ವಾಂತಿಯ ಬೋಗುಣಿ ಹಿಡಿದವಳು ದೀಪಶ್ರೀ. ಆದರೆ ರುದ್ರವ್ವ ಗಂಡನ ಕೈ ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದ್ದಳು.

"ನನ್ನ ಜಡ್ಡು ಯಾರಿಗೂ ಹೇಳಬ್ಯಾಡ. ಮಂದಿ ಬಂದು ಅಯ್ಯೋ ಪಾಪ ಅನ್ನೂದು ನನಗ ಬ್ಯಾಡ."

ಸತ್ತಾಗಲೂ ಜನಕ್ಕೆ ಎದೆನೋವು ಅಂತಲೇ ಹೇಳಿದ. ಮಣ್ಣು ಮಾಡುವಾಗ ಆ ತಾಟನ್ನು ಅವಳ ಜೊತೆಗೇ ಇಟ್ಟ. ಅಯ್ಯನವರು ಹಾಗೆ ಇಡಬಾರದು ಅಂದರು. ಇವನು ಕೇಳಲಿಲ್ಲ.

ಆ ರಾತ್ರಿ ಗುಂಪು ಕಡೆಯ ಸಲ ಸೇರಿತ್ತು. ಟ್ರ್ಯಾಕಿನ ಜಾಗದಲ್ಲಿ ಮನೆಗಳು ಏಳುವುದಿತ್ತು. ಗೇಟಿಗೆ ಬೀಗ, ಅದಕ್ಕೆ ಹೊರಗೆ ಪಾರ್ಕಿಂಗಿನಲ್ಲೇ ಥರ್ಮಾಸ್ ಚಹಾ. ದೀಪಶ್ರೀ ಬಂದಿರಲಿಲ್ಲ. ಮದುವೆಯಾಗಿ ಬರ್ಲಿಂಗ್ಟನ್ನಿನಲ್ಲಿ ಇದ್ದಳು. ಬೆಂಗಳೂರಿನ ಇಂಜಿನಿಯರು ಮಧುಸೂದನ್ ಮಾತು ತೆಗೆದ.

"ಟ್ಯಾಲೆಂಟ್ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಬಿದ್ಮೇಲೆ ಹೆದರ್ಕೊಂಡ್ಲು. ಪಾಪ."

"ನೀವು ಬಾತ್‌ರೂಮಿನ್ಯಾಗ ಜಾರಿ ಬಿದ್ದು ತಿಂಗಳು ರಜಾ ಹಾಕಿದವರು," ಅಂದ ಹುಬ್ಬಳ್ಳಿಯ ಈರೇಶ. ಟ್ರಕ್ ಓಡಿಸುವವನು. "ಅಕೀ ಸುದ್ದಿ ನಿಮಗ್ಯಾಕ್ರಿ?"

"ಸರಿ, ಮತ್ಯಾಕೆ ಬಿಟ್ಲು? ನೀವೇ ಹೇಳಿ."

ಈರೇಶ ತಲೆ ಕೆರೆದುಕೊಂಡ. "ಅದ ತಿಳೀವಲ್ದು. ಹೆದರಿದ್ಲೋ ಏನೋ. ಕಾಕಾ, ನಿಮ್ಮ ಬಾಜೂ ಮನೀಯಾಕಿ. ನಿಮಗೇನರ ಗೊತ್ತೈತೇನ್ರಿ?"

"ಹೆದರಿಲ್ಲ," ಅಂದ ವೀರಭದ್ರಪ್ಪ.

"ಮತ್ತ್ಯಾಕ?"

ಬಾಯಿ ತೆರೆದ. ಅಂಗೈಯಲ್ಲಿ ಆ ತಲೆಯ ಬಿಸಿ ನೆನಪಾಯಿತು. ಬಾಯಿ ಮುಚ್ಚಿ, ಲೋಟ ಕೆಳಗಿಟ್ಟು, ನಡೆದುಬಿಟ್ಟ.

ಹಾಗೆ ಬಂದದ್ದು ಬಾವಿಯ ಹತ್ತಿರ.

ಮೊದಲು ಬಂದದ್ದು ವಾಸನೆ. ಔಡಲೆಣ್ಣೆಯ ವಾಸನೆ… ಹರಳೆಣ್ಣೆ ಅಂತಾರಲ್ಲ, ಎಳೆಗೂಸಿನ ನೆತ್ತಿಗೆ ಒತ್ತುವ ಎಣ್ಣೆ. ಆ ಗಾಡಿಗಳ ಇಂಜಿನ್ನಿಗೂ ಅದನ್ನೇ ಹಾಕುತ್ತಿದ್ದರು. ಸುಟ್ಟರೆ ಸಿಹಿ ಕಮಟು.

ನಿಂತ.

ಬೇಲಿಯಾಚೆ ಬರೀ ಕತ್ತಲು. ಆ ಕತ್ತಲಲ್ಲಿ… ಠಣ್. ಝಿಂಯ್…

ಮತ್ತೆ ಠಣ್. ಝಿಂಯ್…

ಹೆಂಡತಿ ಹೋದವನ ಕಿವಿ ಮೋಸ ಮಾಡುತ್ತದೆ. ನನಗೆ ಗೊತ್ತು. ನನ್ನ ಮನೆಯಲ್ಲಿ ಈಗಲೂ ಬಳೆ ಸದ್ದಾಗುತ್ತದೆ. ಆದರೆ ಆ ಸೀಳು ತಾಟಿನ ಸದ್ದು ಇನ್ನೊಂದು ತಾಟಿಗೆ ಬರುವುದಿಲ್ಲ.

ಆಮೇಲೆ ಇಂಜಿನ್. ಪಟಪಟಪಟ… ಒಮ್ಮೆಲೇ ಬಿರುಸಾಗಿ, ಗೆರೆಯಿಂದ ಸಿಡಿದು, ಬಾವಿಯ ತಿರುವಿಗೆ ಬಂತು. ಗಾಡಿ ಕಾಣಲಿಲ್ಲ. ಬೆಳಕಿಲ್ಲ. ಕಬ್ಬಿಣ ಮಣ್ಣನ್ನು ಉಜ್ಜುವ ಸದ್ದು ಮಾತ್ರ. ಚರ್‌ರ್‌ರ್… ಹಸಿ ಮಣ್ಣು ಹಾರಿ ಅವನ ಮೋರೆಗೆ ಬಡಿಯಿತು. ಮಳೆ ಬಂದು ವಾರ ಕಳೆದಿತ್ತು.

ಒಂದು ಸುತ್ತು… ಎರಡು… ಮೂರು… ನಾಲ್ಕು.

ನಿಂತಿತು.

ವೀರಭದ್ರಪ್ಪ ಓಡಲಿಲ್ಲ. ತಂತಿ ಹಿಡಿದುಕೊಂಡ. ಪಿಸುದನಿಯಲ್ಲಿ ಕೇಳಿದ.

"ರುದ್ರಾ… ನೀನೇನ?"

ತಂತಿಗೆ ಹಣೆ ಹಚ್ಚಿದ.

"ಅಕೀನ್ನ ಹೇಡಿ ಅಂತಾರ. ನಿನ್ನ ಮಾತಿಗೆ ಕಟ್ಟುಬಿದ್ದು ಸುಮ್ಮನ ಬಂದೆ… ಇನ್ನ ಆಗೂದಿಲ್ಲ. ಹೇಳಿಬಿಡ್ತೀನಿ. ಸಿಟ್ಟಾದರ ಆಗು."

ಗೋವಿನಜೋಳದ ಎಲೆ ಕೂಡ ಅಲುಗಲಿಲ್ಲ.

ಠಣ್.

ಒಂದೇ ಸಲ. ಈ ಸಲ ಝಿಂಯ್ ಅನ್ನಲಿಲ್ಲ. ಬಡಿದ ಕೂಡಲೇ ತಾಟನ್ನು ಎದೆಗೆ ಒತ್ತಿಕೊಂಡರೆ ಹಾಗಾಗುತ್ತದೆ. ದೀಪಶ್ರೀ ಗೆದ್ದಾಗ ರುದ್ರವ್ವ ಹಾಗೆ ಒತ್ತಿಕೊಳ್ಳುತ್ತಿದ್ದಳು.

ಅವನು ತಿರುಗಿ ನಡೆದ. ಪಾರ್ಕಿಂಗಿಗೆ ಬಂದಾಗ ಅವರಿನ್ನೂ ಕುರ್ಚಿ ಮಡಚುತ್ತಿದ್ದರು. ನಡುವೆ ನಿಂತು ಎಲ್ಲ ಹೇಳಿದ. ಜಡ್ಡು, ಶನಿವಾರಗಳು, ಬೋಗುಣಿ, ಎಲ್ಲ.

"ಈಗ ಅನ್ರಿ, ಯಾರು ಹೆದರಿದವರು? ನನ್ನ ಮುಂದ ಅನ್ರಿ."

ಮಧುಸೂದನ್ ನೆಲ ನೋಡಿದ.

"ತಪ್ಪಾಯ್ತು ಯಜಮಾನ್ರೇ. ನಾನೇ ಫೋನ್ ಮಾಡಿ ಅವಳಿಗೂ ಹೇಳ್ತೀನಿ." ಮೂಗೆಳೆದು ಮೆಲ್ಲಗೆ ಕೇಳಿದ. "ಇಲ್ಲಿ ಯಾರಾದ್ರೂ ಹರಳೆಣ್ಣೆ ಚೆಲ್ಲಿದ್ರಾ?"

"ಗಾಡಿ ಸದ್ದು ಕೇಳಲಿಲ್ಲೇನು?" ಅಂದ ವೀರಭದ್ರಪ್ಪ.

ಯಾರಿಗೂ ಕೇಳಿರಲಿಲ್ಲ. ಈರೇಶ ಅವನ ಅಂಗಿಯ ಮೇಲಿನ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದ. ಟಾರ್ಚ್ ತಂದು ಬೇಲಿ ಹತ್ತಿ ಇಳಿದ. ಗೇಟಿನ ಬೀಗ ಹಾಕಿದ ಹಾಗೇ ಇತ್ತು, ತುಕ್ಕು ಹಿಡಿದು. ಟಾರ್ಚ್ ರೇಸ್ ಶುರುವಾಗುವ ಗೆರೆಯವರೆಗೆ ಹೋಗಿ ಅಲ್ಲೇ ನಿಂತಿತು.

"ಏನೋ?"

"ಬರ್ತೀನಿ ತಡೀರಿ ಕಾಕಾ."

ಕರವಸ್ತ್ರದಲ್ಲಿ ಹಿಡಿದು ತಂದ. ಗಾಲಿಗೆ ಸಿಕ್ಕು ಒಡೆದ ಲಿಂಬಿಹಣ್ಣು. ಇಲ್ಲಿನ ದಪ್ಪ ಸಿಪ್ಪೆಯದಲ್ಲ. ನಮ್ಮ ಕಡೆಯ ಸಣ್ಣದು, ತೆಳು ಸಿಪ್ಪೆಯದು.

ಈರೇಶನನ್ನು ಕೇಳಿ ಬೇಕಾದರೆ, ಬ್ರಾಂಪ್ಟನ್ನಿನಲ್ಲೇ ಇದ್ದಾನೆ. ಅವನೂ ಇದನ್ನೇ ಹೇಳುತ್ತಾನೆ. ರಸ ಇನ್ನೂ ಹಸಿ ಇತ್ತು. ಕುಂಕುಮ ಅವನ ಬೆರಳಿಗೆ ಹತ್ತಿತು.