ಎರಡು ಸಲ ಕರೆದವನು

ಆ ದಿನ ಬೆಳಿಗ್ಗೆ ವಿಶೇಷವೇನೂ ಇರಲಿಲ್ಲ. ಚಿತ್ತಾಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮೂವರು ಗೆಳೆಯರು ಸುಸಲಾ, ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಒಬ್ಬ ನಮ್ಮ ದೊಡ್ಡಪ್ಪನ ಮಗ ಅಂಬರಾಯ. ಇನ್ನಿಬ್ಬರು ಅವನ ಜೊತೆಗೇ ಶಿಕ್ಷಕರ ತರಬೇತಿ ಮುಗಿಸಿದ ಮೌಲಾಲಿ ಮತ್ತು ದೇವೀಂದ್ರಪ್ಪ. ಮೂವರದೂ ನಾಲವಾರ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷದ ಚಳಿಗಾಲ ಅದು.

ನೌಕರಿಯ ಆರ್ಡರ್ ಕೈಗೆ ಬರುವ ಮೊದಲು ಒಮ್ಮೆ ಕಾಲ್ನಡಿಗೆಯಲ್ಲಿ ತಿರುಗಾಡಿ ಬರೋಣ ಎಂದವನು ಮೌಲಾಲಿ. ಎನ್.ಸಿ.ಸಿ. ಹುಡುಗರಿಂದ ಕೇಳಿ ತಂದ ಕಾಕಿ ಚೀಲಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೂವರೂ ಚಿಂಚೋಳಿಯ ಕಾಡು, ಗುಡ್ಡ ಸುತ್ತಿ, ಕೊಡ್ಲಿ ಊರಿನ ಮೇಲೆ ಹಾಯ್ದು, ನಡೆದೇ ಚಿತ್ತಾಪುರ ಮುಟ್ಟಿದ್ದರು. ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂದೋ ಮುಗಿದಿದ್ದವು. ಇನ್ನು ವಾಡಿ ಸ್ಟೇಷನ್ನಿನ ತನಕ ಹೋಗುವುದು, ರಾತ್ರಿಯ ಪ್ಯಾಸೆಂಜರ್ ಹಿಡಿದು ಊರು ಸೇರುವುದು. ಉಳಿದದ್ದು ಅಷ್ಟೇ.

ಮೌಲಾಲಿಯ ಹಿಮ್ಮಡಿಯ ಬೊಬ್ಬೆ ಒಡೆದು ಹಸಿಯಾಗಿತ್ತು.

"ಇವತ್ತ ಬಸ್ಸಿಗೆ ಹೋಗೋಣ ನಡೀರಲೇ," ಅಂದ ಅವನು.

"ಚಿಂಚೋಳಿಯಿಂದ ನಡ್ಕೊಂತ ಬಂದು ಕಡೀಗೆ ಬಸ್ಸಿನ್ಯಾಗ ಕುಂತ್ರ ಊರಾಗ ಏನಂತ ಹೇಳ್ತಿ?" ಅಂದ ಅಂಬರಾಯ. "ಮೌಲಾಲಿ ಸಾಹೇಬ್ರ ಪಾದ ನೊಂದಿತ್ತು ಅಂತನ?"

"ನಿನ್ನ ನಾಲಿಗಿಗೆ ಬೊಬ್ಬಿ ಏಳಲಿ. ನಡೀತೀನಿ, ನಡಿ."

ದೇವೀಂದ್ರಪ್ಪ ನಕ್ಕ. ಮೂವರೂ ನಕ್ಕರು. ಬಿಸಿಲು ಇಳಿಯಲಿ ಎಂದು ಮಧ್ಯಾಹ್ನ ಗುಡಿಯೊಂದರ ಕಟ್ಟೆಯ ಮೇಲೆ ಮಲಗಿದವರು ಎದ್ದದ್ದು ತಡವಾಯಿತು. ವಾಡಿಯ ದಾರಿ ಹಿಡಿದಾಗ ಹೊತ್ತು ಮುಳುಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಅಜ್ಜಿ ಮಾಣಿಕಮ್ಮ ಮನೆಯ ಮಕ್ಕಳಿಗೆಲ್ಲ ಕಲಿಸಿದ್ದ ಒಂದು ನೇಮವಿತ್ತು. ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕರೆದರೆ ಒಮ್ಮೆಲೇ ಓಗೊಡಬಾರದು. ದೆವ್ವ ಎರಡೇ ಸಲ ಕರೆಯುತ್ತದೆ. ಮನುಷ್ಯನಾದವನು ಮೂರನೆಯ ಸಲವೂ ಕರೆಯುತ್ತಾನೆ. ಅದು ಕೇಳಿದ ಮೇಲೆಯೇ "ಓ" ಅನ್ನಬೇಕು. ನಾವೆಲ್ಲ ದೊಡ್ಡವರಾದಂತೆ ಇದನ್ನು ಬಿಟ್ಟೆವು. ಅಂಬರಾಯ ಬಿಡಲಿಲ್ಲ. ತರಬೇತಿ ಕಾಲೇಜಿನಲ್ಲಿ ಎಲ್ಲರೂ ಅವನನ್ನು ಇದಕ್ಕಾಗಿ ಆಡಿಕೊಂಡರು. ಮೌಲಾಲಿ ಮಾತ್ರ ಕತ್ತಲಾದ ಮೇಲೆ ಅವನನ್ನು ಕರೆಯಬೇಕಾದಾಗಲೆಲ್ಲ ತಪ್ಪದೆ ಮೂರು ಸಲ ಕರೆಯುತ್ತಿದ್ದ. ಅಂಬ್ಯಾ, ಅಂಬ್ಯಾ, ಅಂಬ್ಯಾ. ಆಮೇಲೆ, "ನಾ ಮನಶಾ ಇದ್ದೀನಪಾ, ಈಗ ಓ ಅನ್ನು," ಎಂದು ನಗುತ್ತಿದ್ದ.

ವಾಡಿ ಹತ್ತಿರ ಬಂದಾಗ ಪೂರಾ ಕತ್ತಲು. ಡಾಂಬರು ರಸ್ತೆ ಬಿಟ್ಟು, ಖಣಿಯ ಆಳುಗಳು ತಿರುಗಾಡುವ ಒಳದಾರಿ ಹಿಡಿದರು. ಮನೆಗೆ ಹಾಸುವ ಫರಸಿ ಕಲ್ಲು ತೆಗೆದು ತೆಗೆದು ಬಿಟ್ಟ ಹಳೆಯ ಖಣಿ ಅಲ್ಲಿದೆ. ಒಳಗೆ ಮಳೆಯ ನೀರು ನಿಂತಿದೆ. ಅಂಚಿಗೆ ಬೇಲಿಯಿಲ್ಲ. ದಾರಿ ಕವಲೊಡೆಯುವಲ್ಲಿ ಒಂದು ಆಲದ ಮರ. ಮರದ ಆಚೆ ಜೋಳದ ಹೊಲ, ಈಚೆ ಖಣಿ.

ಕಾಲಡಿಯಲ್ಲಿ ಕಲ್ಲಿನ ಚಕ್ಕೆಗಳು ಕರಕ್, ಕರಕ್ ಅನ್ನುತ್ತಿದ್ದವು. ಮೌಲಾಲಿಯ ಹೆಜ್ಜೆ ಮಾತ್ರ ಬೇರೆ. ಒಂದು ಕಾಲು ಊರುವ ಸದ್ದು... ಒಂದು ಕಾಲು ಎಳೆಯುವ ಸದ್ದು.

ಆಲದ ಬುಡದಲ್ಲಿ ಅವನು ಕುಳಿತ. "ನೀವ್ ಮುಂದ ನಡೀರಿ. ಕಾಲಿನ ಪಟ್ಟಿ ಸಡ್ಲಾಗ್ಯಾದ, ಕಟ್ಕೊಂಡು ಬರ್ತೀನಿ."

"ಬ್ಯಾಟರಿ ಕೊಟ್ಟು ಹೋಗೋಣೇನು?" ದೇವೀಂದ್ರಪ್ಪ ಕೇಳಿದ.

ಬ್ಯಾಟರಿ ಅಂಬರಾಯನ ಕೈಯಲ್ಲಿತ್ತು. "ಮುಂದ ನಡೆಯೋರಿಗೆ ಬೆಳಕು ಬೇಕು," ಅಂದ ಅಂಬರಾಯ. "ಗಾಡಿ ತಪ್ಪೀತು. ಜಲ್ದಿ ಬಾರಲೇ ಮೌಲ್ಯಾ."

ಇಬ್ಬರೂ ನಡೆದರು. ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ಕೇಳಿಸಿತು.

"ಅಂಬ್ಯಾ..."

ಇಬ್ಬರೂ ನಿಂತರು. ಜೋಳದ ಗರಿ ಸರ್ ಅಂದು ಸುಮ್ಮನಾಯಿತು.

"ಮೌಲ್ಯಾ ಕರೀಲಿಕತ್ತಾನ," ದೇವೀಂದ್ರಪ್ಪ ಪಿಸುಗುಟ್ಟಿದ.

"ಸುಮ್ನಿರು."

"ಯಾಕ?"

"ಒಂದ ಸಲ ಕರದು ಬಿಟ್ಟಾನ. ಅವ ಹಂಗ ಕರಿಯಂಗಿಲ್ಲ."

ಟಣ್... ಎಲ್ಲೋ ಕಲ್ಲಿಗೆ ಕಲ್ಲು ತಾಗಿತು. ಫರಸಿ ಕಲ್ಲು ಬಿದ್ದರೆ ಪಾತ್ರೆಯಂತೆ ದನಿ ಮಾಡುತ್ತದೆ. ಟಣ್... ಟಣ್... ಆಮೇಲೆ ಇನ್ನೊಮ್ಮೆ. ಈ ಸಲ ದನಿ ತಗ್ಗಿನಿಂದ ಬಂದಂತಿತ್ತು. ನೆಲದ ಒಳಗಿಂದ ಬಂದಂತೆ.

"ಅಂಬ್ಯಾ..."

ದೇವೀಂದ್ರಪ್ಪ ತಿರುಗಿದ. ಅಂಬರಾಯ ಅವನ ಮುಂಗೈ ಹಿಡಿದ. ಬಿಗಿಯಾಗಿ ಹಿಡಿದ. "ಇನ್ನೊಂದು... ಇನ್ನೊಂದು ಸಲ ಕರೀಲಿ ತಡಿ."

ಆಗಲೇ ಗೂಡ್ಸ್ ಗಾಡಿ ಬಂತು. ಖಣಿಯ ಆಚೆ ಹಳಿಯ ಮೇಲೆ ಸಿಮೆಂಟಿನ ಡಬ್ಬಿಗಳು ಧಡಕ್ ಧಡಕ್ ಎಂದು ಹಾಯುತ್ತಲೇ ಇದ್ದವು, ಮುಗಿಯಲೇ ಇಲ್ಲ. ಆ ಸದ್ದಿನೊಳಗೆ ಮೂರನೆಯ ಕರೆ ಇತ್ತೋ ಇಲ್ಲವೋ, ಅಂಬರಾಯನಿಗೆ ಕೊನೆಯ ತನಕ ಗೊತ್ತಾಗಲಿಲ್ಲ. ಗಾಡಿ ಹೋದ ಮೇಲೆ ಏನೂ ಕೇಳಿಸಲಿಲ್ಲ.

"ಹೋಗಿ ನೋಡೋಣ ನಡಿ," ಅಂದ ದೇವೀಂದ್ರಪ್ಪ.

ಅಂಬರಾಯ ನಿಂತಲ್ಲಿಂದಲೇ ಬ್ಯಾಟರಿಯ ಬೆಳಕು ಬಿಟ್ಟ. ಆಲದ ಬಿಳಲು ಮಾತ್ರ ಕಂಡಿತು. "ಚ್ಯಾಷ್ಟಿ ಮಾಡಾಕತ್ತಾನ ಅವ. ಬರ್ತಾನ. ನಡಿ ನೀ." ಅವನಿಗೆ ಹಿಂದೆ ಹೋಗಲು ಹೆದರಿಕೆಯಾಗಿತ್ತು. ಇದ್ದದ್ದು ಅಷ್ಟೇ.

ಸ್ಟೇಷನ್ನಿನಲ್ಲಿ ಕಾದರು. ಪ್ಯಾಸೆಂಜರ್ ಬಂತು, ನಿಂತಿತು, ಹೋಯಿತು. ಮೌಲಾಲಿ ಬರಲಿಲ್ಲ. ಆಗ ದೇವೀಂದ್ರಪ್ಪ ಖಣಿಯ ಕಾವಲುಗಾರ ಹಾಜಿಸಾಬನ ಮನೆಗೆ ಓಡಿದ. ಲಾಟೀನು ಹಿಡಿದು ರಾತ್ರಿಯೆಲ್ಲ ಹುಡುಕಿದರು. ಬೆಳಕು ಹರಿದಾಗ ನೀರಿನಲ್ಲಿ ಕಾಕಿ ಚೀಲ ತೇಲಿದ್ದು ಕಂಡಿತು.

ಮೌಲಾಲಿಯ ಹೆಣ ಎತ್ತಿದ ಮೇಲೆ ಹಾಜಿಸಾಬ ಅವನ ಎರಡೂ ಅಂಗೈ ಬಿಡಿಸಿ ನೋಡಿದ. ಉಗುರು ಕಿತ್ತುಹೋಗಿದ್ದವು. "ಕಲ್ಲಿನ ಅಂಚು ಹಿಡ್ಕೊಂಡು ಭಾಳ ಹೊತ್ತು ನಿಂತಾನ್ರಿ ಹುಡುಗ," ಅಂದ ಮುದುಕ. "ನಿಮ್ಮನ್ನ ಕರೀಲಿಲ್ಲೇನು?"



ನಾಲವಾರದಲ್ಲಿ ಮೌಲಾಲಿಯ ತಾಯಿ ಇಮಾಮ್‌ಬೀಯೂ ಅದನ್ನೇ ಕೇಳಿದಳು. ಗಂಡ ಇಲ್ಲದ ಹೆಂಗಸು, ಇದ್ದವನು ಇವನೊಬ್ಬ. ಅಂಬರಾಯ ಚಿಕ್ಕಂದಿನಿಂದ ಅವಳ ಮನೆಯಲ್ಲಿ ಉಂಡವನು. ಚಿಕ್ಕಮ್ಮ ಅನ್ನುವ ಹಾಗೆ ಖಾಲಾ ಅನ್ನುತ್ತಿದ್ದ. ಅವಳು ಅವನ ಎರಡೂ ಭುಜ ಹಿಡಿದು ಕೇಳಿದಳು. "ಸಾಯೋ ಮುಂದ ನನ್ನ ಮಗ ಕರದನೇನು ಬೇಟಾ?"

"ಇಲ್ಲ ಖಾಲಾ. ನಮಗೇನೂ ಕೇಳಿಸ್ಲಿಲ್ಲ."

ದೇವೀಂದ್ರಪ್ಪ ಪಕ್ಕದಲ್ಲೇ ನಿಂತಿದ್ದ. ಅಂಬರಾಯನ ಮುಖ ನೋಡಿದ. ಆ ದಿನದಿಂದ ಅವನ ಜೊತೆ ಮಾತು ಬಿಟ್ಟ.

ಅಂಬರಾಯನಿಗೆ ಸೇಡಂ ಕಡೆಯ ಹಳ್ಳಿಯೊಂದರ ಶಾಲೆ ಸಿಕ್ಕಿತು. ದೇವೀಂದ್ರಪ್ಪನಿಗೆ ವಾಡಿಯಲ್ಲೇ ಸಿಕ್ಕಿತು. ಖಣಿಯ ಹತ್ತಿರದ ಓಣಿಯಲ್ಲಿ ಬಾಡಿಗೆ ಮನೆ ಹಿಡಿದ. ಅಂಬರಾಯ ಪಾಠ ಮಾಡುತ್ತಿದ್ದ, ಉಣ್ಣುತ್ತಿದ್ದ, ಆದರೆ ರಜೆಗೆ ಊರಿಗೆ ಬಂದರೆ ಇಮಾಮ್‌ಬೀಯ ಓಣಿ ತಪ್ಪಿಸಿ ಸುತ್ತುಬಳಸಿ ಹೋಗುತ್ತಿದ್ದ. ಯಾಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಸತ್ತವನ ನೆನಪಾಗುತ್ತದೆ, ಪಾಪ, ಎಂದುಕೊಂಡೆವು.

ಮುಂದಿನ ಚಳಿಗಾಲ. ಇಮಾಮ್‌ಬೀಯೇ ಹೇಳಿ ಕಳಿಸಿದಳು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋದ.

"ಕುಂದ್ರು," ಅಂದಳು. ಚಹಾ ಕೊಟ್ಟಳು. ಅವನು ಕುಡಿದು ಮುಗಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಅವ ಬರ್ಲಿಕತ್ತಾನ."

"ಯಾರು?"

"ನನ್ನ ಮಗ. ರಾತ್ರಿ ಬಾಗ್ಲ ಹತ್ರ ನಿಂತು ಕರೀತಾನ. ಅಮ್ಮಿ ಅಂತ ಕರೀತಾನಂದ್ಕೊಂಡಿ ಏನು? ಇಲ್ಲ." ಅವಳು ಅವನ ಕಣ್ಣನ್ನೇ ನೋಡಿದಳು. "ನಿನ್ನ ಹೆಸರ ಕರೀತಾನ. ಎರಡು ಸಲ. ಅಷ್ಟೇ. ನನ್ನ ಮನಿ ಬಾಗಲಿಗೆ ಬಂದು ನನ್ನ ಮಗ ನಿನ್ನ ಯಾಕ ಕರೀತಾನ, ಬೇಟಾ?"

ಅಂಬರಾಯ ಚಹಾದ ಬಸಿಯನ್ನು ನೆಲಕ್ಕಿಟ್ಟ. ಎಲ್ಲ ಹೇಳಿದ. ಬಸ್ಸು ಬೇಡ ಅಂದದ್ದು, ಬ್ಯಾಟರಿ ಕೊಡದಿದ್ದದ್ದು, ಮೊದಲ ಕರೆ, ಎರಡನೆಯ ಕರೆ, ದೇವೀಂದ್ರಪ್ಪನ ಕೈ ಹಿಡಿದು ನಿಲ್ಲಿಸಿದ್ದು, ಆಮೇಲೆ ಈ ಮನೆಯಲ್ಲೇ ನಿಂತು ಸುಳ್ಳು ಹೇಳಿದ್ದು. ಒಂದನ್ನೂ ಬಿಡಲಿಲ್ಲ.

ಇಮಾಮ್‌ಬೀ ಬೈಯಲಿಲ್ಲ. ಅಳಲೂ ಇಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಬಹಳ ಹೊತ್ತಿನ ಮೇಲೆ ಬಿಟ್ಟಳು.

"ಒಂದ್ ಸಲ ಕರದದ್ದು ಸಾಕಾಗ್ಲಿಲ್ಲೇನಪಾ ನಿನಗ?"

ಅಂಬರಾಯ ಹೋಗಲು ಎದ್ದ.

"ಇವತ್ತ ರಾತ್ರಿ ಇಲ್ಲೇ ಇರು," ಅಂದಳು. "ಅವ ಕರದ್ರ ಓ ಅನ್ನು."

ಚಿಮಣಿ ಆರಿಸಿದಳು. ಅವಳು ಗೋಡೆಗೆ ಒರಗಿ, ಅವನು ಬಾಗಿಲಿಗೆ ಮುಖ ಮಾಡಿ, ಇಬ್ಬರೂ ಕುಳಿತರು. ಹೊರಗೆ ಓಣಿಯಲ್ಲಿ ಯಾರದೋ ಮನೆಯ ಕೆಮ್ಮು. ಆಮೇಲೆ ಅದೂ ಇಲ್ಲ. ಸ್ಟೇಷನ್ನಿನಲ್ಲಿ ಒಂದು ಗಾಡಿ ಸಿಳ್ಳೆ ಹಾಕಿ ಹೋಯಿತು. ಆಮೇಲೆ ಅದೂ ಇಲ್ಲ... ನಿದ್ದೆ ಬಂದಿರಲಿಲ್ಲ ಎಂದು ಅಂಬರಾಯ ಆಣೆ ಮಾಡಿ ಹೇಳುತ್ತಿದ್ದ.

ಓಣಿಯ ಹಾಸುಗಲ್ಲಿನ ಮೇಲೆ ಹೆಜ್ಜೆ. ಒಂದು ಕಾಲು ಊರುವ ಸದ್ದು... ಒಂದು ಕಾಲು ಎಳೆಯುವ ಸದ್ದು. ಬಾಗಿಲ ಹತ್ತಿರ ಬಂದು ನಿಂತಿತು.

"ಅಂಬ್ಯಾ..."

ಅದೇ ದನಿ. ಕಿವಿಗೆ ಅಷ್ಟು ಹತ್ತಿರ. ಅಂಬರಾಯನ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಇಷ್ಟೆಲ್ಲ ಆದ ಮೇಲೂ ಅವನ ಮೈ ಇನ್ನೊಂದು ಕರೆಗಾಗಿ ಕಾಯುತ್ತಿತ್ತು. ಅದು ಅವನಿಗೇ ತಿಳಿಯಿತು. ತಿಳಿದು ಅವನಿಗೆ ಆದ ಹೇಸಿಕೆ ಹೆದರಿಕೆಗಿಂತ ದೊಡ್ಡದಿತ್ತು.

"ಬೇಟಾ..." ಕತ್ತಲಲ್ಲಿ ಇಮಾಮ್‌ಬೀ ಪಿಸುಗುಟ್ಟಿದಳು.

"ಓ," ಅಂದ ಅಂಬರಾಯ.

ಜೋರಾಗಿ ಅಂದ. ಎದ್ದು ಅಗಳಿ ತೆಗೆದ. ಕಟ್ ಎಂದು ಅಗಳಿ ಸರಿಯಿತು, ಬಾಗಿಲು ಕಿರ್ ಅಂದಿತು. ಹೊರಗೆ ಬೆಳದಿಂಗಳು ಬಿದ್ದಿತ್ತು. ಓಣಿಯಲ್ಲಿ ಯಾರೂ ಇರಲಿಲ್ಲ.

ಎರಡನೆಯ ಸಲ ಕರೆ ಬರಲಿಲ್ಲ. ಬೆಳಗಾಗುವ ತನಕ ಇಬ್ಬರೂ ಹೊಸ್ತಿಲ ಮೇಲೆ ಕುಳಿತರು. ಆಗಲಿ ಬಿಡು ಎಂದು ಇಮಾಮ್‌ಬೀ ಹೇಳಲಿಲ್ಲ. ಅಂಬರಾಯನೂ ಕ್ಷಮೆ ಕೇಳಲಿಲ್ಲ. ಚುಮುಚುಮು ಬೆಳಕಿನಲ್ಲಿ ಅವಳು ಒಮ್ಮೆ ಅವನ ತಲೆಯ ಮೇಲೆ ಕೈಯಿಟ್ಟಳು, ತೆಗೆದಳು, ಒಲೆ ಹೊತ್ತಿಸಲು ಒಳಗೆ ಹೋದಳು. ಆ ಮೇಲೆ ಆ ಬಾಗಿಲಲ್ಲಿ ಯಾವ ದನಿಯೂ ಕೇಳಲಿಲ್ಲ.

ಇದು ನಡೆದದ್ದು. ಅಂಬರಾಯನ ಬಾಯಿಂದ ನಾನು ಕೇಳಿದ್ದೇನೆ, ಇಮಾಮ್‌ಬೀಯ ಬಾಯಿಂದ ಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತಿನಲ್ಲೂ ವ್ಯತ್ಯಾಸವಿರಲಿಲ್ಲ. ಅಂಬರಾಯ ಈಗ ಇಲ್ಲ. ಇಲ್ಲದವನ ಮೇಲೆ ನಾನು ಸುಳ್ಳು ಕಟ್ಟುವುದಿಲ್ಲ.

ಆ ರಾತ್ರಿ ಕಳೆದ ಬೆಳಿಗ್ಗೆ ವಾಡಿ ಕಡೆಯಿಂದ ಬಂದ ಮೊದಲ ಗಾಡಿಯಿಂದ ದೇವೀಂದ್ರಪ್ಪ ಇಳಿದ. ನೆಟ್ಟಗೆ ನಮ್ಮ ದೊಡ್ಡಪ್ಪನ ಮನೆಗೆ ಬಂದ. ರಾತ್ರಿ ಅಂಬರಾಯ ಎಲ್ಲಿದ್ದ ಎಂದು ಕೇಳಿದ. ಇದೇ ಊರಲ್ಲಿ, ಇಮಾಮ್‌ಬೀಯ ಮನೆಯಲ್ಲಿ ಇದ್ದನೆಂದು ನಾನೇ ಹೇಳಿದೆ. ಅವನು ಕಟ್ಟೆಯ ಮೇಲೆ ಕುಳಿತ, ನೀರು ಕೇಳಿ ಕುಡಿದ. ರಾತ್ರಿ ವಾಡಿಯಲ್ಲಿ, ಖಣಿಯ ನೀರಿನ ಕಡೆಯಿಂದ, ಅಂಬರಾಯ "ಓ" ಅಂದದ್ದು ಅವನಿಗೆ ಕೇಳಿಸಿತ್ತು.