ಮೇರಿ ಮಾತೆಯ ನಗು

ಪೆರೂಜಾ ಪಟ್ಟಣದ ಕಣ್ಣಾಸ್ಪತ್ರೆ ಕಡೆಗೆ ಹೋಗುವ ಬಸ್ಸಿಗೆ ನಿಂತಿದ್ದೆ. ನಮ್ಮ ಬೆಟ್ಟದ ಹಳೇ ಚರ್ಚಿನ ಬೀಗದ ಕೈ ಇಟ್ಟುಕೊಂಡು, ನೋಡಬಂದವರಿಗೆ ಬಾಗಿಲು ತೆರೆಯುವ ಎರ್ಸಿಲಿಯಾ ಮುಂದಿದ್ದರು. ಜೊತೆಗೆ ನಾದಿನಿ ಟೆಕ್ಲಾ. ಕದ್ದು ಕೇಳಬಾರದಿತ್ತು, ಕೇಳಿದೆ.

“ಗೋಡೆ ಮೇಲೆ ಬರೆದಿರೋ ಮೇರಿ ಮಾತೆಗೆ ಮುಖ ಎಲ್ಲಿ ಅಂತ ನಿನ್ನೆ ಒಬ್ಬಳು ಪ್ರವಾಸಿ ಕೇಳಿದಳು ಕಣೇ.”

“ಅವಳಿಗೂ ನಿಮ್ಮ ಹಾಗೇ ಪೊರೆ ಬಂದಿರಬೇಕು, ಬಿಡಿ ಅತ್ತಿಗೆ.”

“ತಡವಿ ನೋಡಿದೆ. ಬರೀ ಗಾರೆ. ಯಾವಾಗ ಉದುರಿತು?”

“ಚಳಿಗಾಲದಲ್ಲಿ.”

“ಅಯ್ಯೋ, ‘ಆ ನಗು ನೋಡಿ’ ಅಂತ ನಿನ್ನೆವರೆಗೂ ತೋರಿಸ್ತಿದ್ದೆನಲ್ಲೇ! ನಿಂಗೆ ಗೊತ್ತಿತ್ತಾ?”

“ಊರಿಗೇ ಗೊತ್ತಿತ್ತು. ಹೇಳಿದ್ರೆ ಬೀಗದ ಕೈ ವಾಪಸ್ ಕೊಟ್ಟುಬಿಡ್ತೀರಿ ಅಂತ ಸುಮ್ಮನಿದ್ವಿ.”

ಬಸ್ಸು ಬಂತು.

“ತಗೋ, ಕೊಟ್ಟೆ.”

ಬೀಗದ ಕೈಯನ್ನು ಟೆಕ್ಲಾಳ ಅಂಗೈಗೆ ತುರುಕಿ, ಕಂಬಿ ತಡವಿಕೊಂಡು ಒಬ್ಬರೇ ಹತ್ತಿದರು.

ನನಗೂ ಗೊತ್ತಿತ್ತು. ನಾನು ಮುಂದಿನ ಬಸ್ಸಿಗೆ ಕಾದೆ.